ಎಡಿಸನ್‌ಗೂ ಮೂರು ಕೊಟೇಶನ್

ಬಳ್ಳಾರಿಯಲ್ಲಿ ಉದ್ಯಮಶೀಲತಾ ಕಾರ್ಯಾಗಾರ ಅಂದರೆ ಎಡಿಸನ್ ಬರಲೇಬೇಕು. ದೀಪ, ಹಾರ, ಶಾಲು ಮುಗಿಯುವ ಹೊತ್ತಿಗೆ ಊಟದ ವಾಸನೆ ಬರುತ್ತಿರುತ್ತದೆ. ಉಳಿದ ಇಪ್ಪತ್ತು ನಿಮಿಷದಲ್ಲಿ ಭಾಷಣಕಾರರು ಅವನ ಬಲ್ಬನ್ನು ಸಾವಿರ ಸಲ ಆರಿಸಿ ಒಂದು ಸಲ ಹೊತ್ತಿಸುತ್ತಾರೆ. "ಹತ್ತು ಐಡಿಯಾ ಮಾಡ್ರಿ, ಒಂಬತ್ತು ಸೋಲಲಿ!" ಚಪ್ಪಾಳೆ.

ಮರುದಿನ ಬ್ಯಾಂಕಿಗೆ ಹೋಗಿ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿವರೆಗಿನ ಯೋಜನೆ ಹಾಕಬಹುದು. ಆದರೆ ಐಡಿಯಾ ಒಂದೇ. ಯಂತ್ರದ ಕೊಟೇಶನ್ ಬೇಕು, ಪ್ರಾಜೆಕ್ಟ್ ರಿಪೋರ್ಟ್ ಬೇಕು, ಅದರೊಳಗೆ ಇನ್ನೂ ಹೊಲಿಯದ ಪ್ಯಾಂಟಿನ ಐದನೇ ವರ್ಷದ ಲಾಭವೂ ಬೇಕು. ರಿಪೋರ್ಟಿನಲ್ಲಿ ಲಾಭ ಇಳಿದ ವರ್ಷವನ್ನು ಯಾವ ಆಡಿಟರೂ ಬರೆದದ್ದಿಲ್ಲ. ಸಬ್ಸಿಡಿ ಬಂದರೂ ಮೂರು ವರ್ಷ ಠೇವಣಿಯಾಗಿ ಬ್ಯಾಂಕಲ್ಲೇ ಮಲಗುತ್ತದೆ. ಪರಿಶೀಲನೆಗೆ ಬಂದವರಿಗೆ ಜೀನ್ಸ್ ಘಟಕದ ಬೋರ್ಡಿನಡಿ ಚೀಲ ಹೊಲಿಯುವುದು ಕಂಡರೆ ಅದು ಪ್ರಯೋಗವಲ್ಲ, ಆಕ್ಷೇಪಣೆ.

ಊರಲ್ಲಿ ಪ್ರಯೋಗಕ್ಕೇನೂ ಬರವಿಲ್ಲ. ಹೊಸ ಬಟ್ಟೆಯ ಥಾನು ಬಂದರೆ ಜೀನ್ಸ್ ಹೊಲಿಯುವವರು ಮೊದಲು ಎರಡು ಮೂರು ಪ್ಯಾಂಟು ಹೊಲಿದು ವಾಷಿಂಗಿಗೆ ಹಾಕಿ, ಒಣಗಿದ ಮೇಲೆ ಟೇಪು ಹಿಡಿಯುತ್ತಾರೆ. 32ರ ಸೊಂಟ ಮೂವತ್ತೂವರೆಗೆ ಇಳಿದಿದ್ದರೆ ಪ್ಯಾಟರ್ನಿಗೆ ಅಷ್ಟು ಕೂಡಿಸಬೇಕು. ಸ್ಟ್ರೆಚ್ ಬಟ್ಟೆ ಅಡ್ಡಕ್ಕೆ ಹೆಚ್ಚು ಕುಗ್ಗುತ್ತದೆ. ಇದನ್ನು ಬಿಟ್ಟು ನೇರವಾಗಿ ಐವತ್ತು ಪದರ ಹಾಸಿ ಕತ್ತರಿಸಿದವರು ಇಡೀ ಲಾಟಿಗೆ 30ರ ಲೇಬಲ್ ಹಚ್ಚಿ ದೇವರ ಮೇಲೆ ಭಾರ ಹಾಕಬೇಕು.

ಮಿರ್ಚಿ ಬಂಡಿಯಲ್ಲಂತೂ ದಿನಾ ಸಂಜೆ ಸಂಶೋಧನೆ. ಹಿಟ್ಟಿನ ಹದ ಬದಲಿಸಬೇಕೆನಿಸಿದರೆ ಅರ್ಧ ಕೆಜಿ ಕಡಲೆಹಿಟ್ಟು ಬೇರೆ ಬೋಗುಣಿಯಲ್ಲಿ ಕಲಸುತ್ತಾರೆ. ಸೋಡಾ ಹೆಚ್ಚಾದರೆ ಮಿರ್ಚಿ ಎಣ್ಣೆ ಕುಡಿಯುತ್ತದೆ, ಹಿಟ್ಟು ತೆಳುವಾದರೆ ಮೆಣಸಿನಕಾಯಿ ಬತ್ತಲೆ. ಎಣ್ಣೆ ಸರಿಯಾಗಿ ಕಾಯದಿದ್ದರೂ ಕುಡಿಯುತ್ತದೆ. ಅದಕ್ಕೇ ಹಿಟ್ಟಿನ ಹದ, ಎಣ್ಣೆಯ ಕಾವು ಎರಡನ್ನೂ ಒಂದೇ ಸಂಜೆ ಬದಲಿಸುವುದಿಲ್ಲ, ತಪ್ಪು ಯಾವುದರದ್ದೆಂದು ಗೊತ್ತಾಗುವುದಿಲ್ಲವಲ್ಲ! ವರದಿ ಎರಡೇ: ಪೇಪರಿನ ಮೇಲಿನ ಎಣ್ಣೆ ಕಲೆ, ಮಂಡಾಳು (ಮಂಡಕ್ಕಿ) ಒಗ್ಗರಣಿ ಮುಗಿಯುವ ಮೊದಲು ಗಿರಾಕಿ "ಇನ್ನೆರಡು ಹಾಕ್ರಿ" ಅಂದನೋ ಇಲ್ಲವೋ. ಸೋತ ಪ್ರಯೋಗಕ್ಕೆ ತಗಲಿದ ಖರ್ಚು ಅರ್ಧ ಕೆಜಿ ಹಿಟ್ಟು, ಒಂದಿಷ್ಟು ಎಣ್ಣೆ.

ಕಾರ್ಯಾಗಾರದ ನಾಲ್ಕು ಗಂಟೆಯ ಚಹಾಕ್ಕೆ ಮಿರ್ಚಿ ಹೋಗುವುದೂ ಇಂಥ ಬಂಡಿಯಿಂದಲೇ. ತಿಂದು ಕೈ ಒರೆಸಿಕೊಂಡ ಮೇಲೆ ದುಡ್ಡು ಕೇಳಿದರೆ, "ಬಿಲ್ ಪಾಸ್ ಆಗಬೇಕಲ್ರಿ, ಇನ್ನೆರಡು ಬಂಡಿಯವ್ರ ಕೊಟೇಶನ್ ತಗೊಂಡು ಬರ್ರಿ."