ಮೂರನೇ ಬೆಲ್ ಯಾವಾಗ ಸ್ವಾಮಿ?

ಆರೂವರೆಗೆ ನಾಟಕ ಅಂತ ಆಹ್ವಾನದಲ್ಲಿತ್ತು. ಮೂರನೇ ಬೆಲ್ ಹೊಡೆದು ನಾಟಕ ಶುರುವಾದದ್ದು ಎಂಟಕ್ಕೆ ಐದು ನಿಮಿಷ ಇದ್ದಾಗ. ನಡುವೆ ಏನಾಯ್ತು ಅಂತ ನಿಮಗೆ ಹೇಳಬೇಕಾ? ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ, ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. "ಎರಡೇ ಮಾತು ಹೇಳಿ ಮುಗಿಸ್ತೀನಿ" ಅಂದ ಮುಖ್ಯ ಅತಿಥಿಗಳು ಅರ್ಧ ಗಂಟೆ ಮಾತಾಡಿದರು. ಯಾವುದರ ಬಗ್ಗೆ? ರಂಗಭೂಮಿಗೆ ಪ್ರೇಕ್ಷಕರು ಬರುತ್ತಿಲ್ಲ ಅನ್ನೋದರ ಬಗ್ಗೆ. ಬಂದು ಕೂತಿದ್ದ ನಮ್ಮ ಮುಂದೆಯೇ! ಆಮೇಲೆ ನಾಟಕ ನೋಡದೆ ಕಾರು ಹತ್ತಿ ಹೋದರು.

ನನ್ನ ಮುಂದಿನ ಸಾಲಿನಲ್ಲಿ ಗಂಡ, ಹೆಂಡತಿ, ಪುಟ್ಟ ಹುಡುಗಿ ಕೂತಿದ್ದರು. ನಾಟಕದವರಲ್ಲ ಅಂತ ನೋಡಿದರೇ ಗೊತ್ತಾಗುತ್ತಿತ್ತು. (ಜುಬ್ಬಾ ಇಲ್ಲ, ಹೆಗಲಿಗೆ ಬಟ್ಟೆ ಚೀಲ ಇಲ್ಲ.) ಆ ಮಗು "ರಾಜ ಯಾವಾಗ ಬರ್ತಾನೆ?" ಅಂತ ಕೇಳುತ್ತಲೇ ಇತ್ತು. ರಾಜ ಪಾಪ ಗ್ರೀನ್ ರೂಮಿನಲ್ಲಿ ಮೀಸೆ ಅಂಟಿಸಿಕೊಂಡು ಬೆವರುತ್ತಿದ್ದ. ವಂದನಾರ್ಪಣೆ ನಡೆಯುವಾಗ ಮೂವರೂ ಎದ್ದು ಹೋದರು. ಇಡೀ ಸಭಾಂಗಣದಲ್ಲಿ ಹೊಸ ಪ್ರೇಕ್ಷಕರು ಅಂತ ಇದ್ದದ್ದು ಅವರೇ. ಉಳಿದವರೆಲ್ಲ ನಾಟಕ ಮಾಡುವ ನಾವೇ ನಾವು. ಇವತ್ತು ಬೇರೆ ತಂಡದ ನಾಟಕಕ್ಕೆ ನಾವು, ನಾಳೆ ನಮ್ಮ ನಾಟಕಕ್ಕೆ ಆ ತಂಡದವರು. ಮುಯ್ಯಿ ತೀರಿಸಿದ ಹಾಗೆ.

ನಮ್ಮ ನಾಟಕದ ಟಿಕೆಟ್ ಪುಸ್ತಕ ಹಿಡಿದು ಬ್ಯಾಂಕು, ಎಲ್‌ಐಸಿ ಆಫೀಸು ಅಂತ ನಾನು ಅಲೆದದ್ದು ನಿಮಗೆಲ್ಲ ಗೊತ್ತು. ಒಬ್ಬ ಹೊಸ ಮನುಷ್ಯನನ್ನು ರಂಗಮಂದಿರದ ಬಾಗಿಲಿಗೆ ತರೋದು ಎಷ್ಟು ಕಷ್ಟ ಅಂತ ಗೊತ್ತಿರೋದರಿಂದಲೇ ಈ ಹೊಟ್ಟೆ ಉರಿ.

ಶೋ ಮುಗಿದ ಮೇಲೆ ತಂಡದವರ ಹತ್ತಿರ ಹೇಳಿದರೆ ಅದೇ ಹಳೇ ರಾಗ. "ಏನ್ ಮಾಡೋದು ಸಾರ್, ಜನ ಮೊಬೈಲ್ ಬಿಟ್ಟು ಬರಲ್ಲ." ಸುಳ್ಳು! ಮೊಬೈಲ್ ಎಲ್ಲಿಲ್ಲ? ದಕ್ಷಿಣ ಕನ್ನಡದಲ್ಲಿ ಇಲ್ವಾ? ಅಲ್ಲಿ ಕಟೀಲು, ಧರ್ಮಸ್ಥಳದ ಯಕ್ಷಗಾನ ಮೇಳಗಳಿಂದ ಹರಕೆ ಆಟ (ದೇವರಿಗೆ ಹರಕೆ ಹೊತ್ತು ಆಡಿಸುವ ಪ್ರದರ್ಶನ) ಆಡಿಸಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋಗಿ ನೋಡಿ. ನಾಟಕ ಕಂಪನಿಗಳು ಸಾಲಾಗಿ ಟೆಂಟ್ ಹಾಕಿ, ದಿನಕ್ಕೆ ಒಂದಕ್ಕಿಂತ ಜಾಸ್ತಿ ಆಟ ಆಡುತ್ತವೆ. ತುಮಕೂರು, ಮಂಡ್ಯದ ಹಳ್ಳಿಗಳಲ್ಲಿ ಕೈಯಿಂದ ದುಡ್ಡು ಹಾಕಿ ದುರ್ಯೋಧನನ ಪಾತ್ರ ಮಾಡುತ್ತಾರೆ, ಊರಿಗೆ ಊರೇ ಚಾಪೆ ಹಾಸಿಕೊಂಡು ಬೆಳಗಿನವರೆಗೂ ಕೂರುತ್ತದೆ. ಆ ಜನಜಂಗುಳಿ ನೋಡಿದರೆ ನನಗೆ ನಿಜವಾಗಿಯೂ ಅಸೂಯೆ ಆಗುತ್ತದೆ. ಮುಚ್ಚಿಡೋದು ಯಾಕೆ.

ಇನ್ನೊಂದು ವಿಷಯ. ಇಡೀ ರಾತ್ರಿಯ ಆಟವೇ ಯಕ್ಷಗಾನ ಅನ್ನೋ ಕಾಲ ಇತ್ತು. ನೋಡುವವರ ಅನುಕೂಲ ಬದಲಾಯಿತು ಅಂತ ಧರ್ಮಸ್ಥಳ ಮೇಳ ಕಾಲಮಿತಿಗೆ, ಅಂದರೆ ಕೆಲವೇ ಗಂಟೆಗಳಲ್ಲಿ ಮುಗಿಯುವ ಆಟಕ್ಕೆ, ಬಂತು. ಬಯ್ದವರು ಬಯ್ದರು. ಆದರೂ ಮಾಡಿದರು. ಅಷ್ಟು ಹಳೆಯ ಕಲೆ ತನ್ನ ರಾತ್ರಿಯನ್ನೇ ಕತ್ತರಿಸಿಕೊಂಡಿತು, ನಮ್ಮ ಕೈಲಿ ಒಂದು ಪ್ರಾಸ್ತಾವಿಕ ನುಡಿ ಕತ್ತರಿಸೋಕೆ ಆಗ್ತಿಲ್ಲ.

ಬೆಂಗಳೂರಿನ ರಂಗಶಂಕರ ರಂಗಮಂದಿರದಲ್ಲಿ 2004ರಿಂದ ನಾಟಕ ಹೇಳಿದ ಹೊತ್ತಿಗೆ ಶುರುವಾಗುತ್ತದೆ. ತಡವಾಗಿ ಬಂದರೆ ಒಳಗೆ ಬಿಡಲ್ಲ. ಮೊದಲು ಎಷ್ಟು ಜನ ಜಗಳ ಆಡಿದರು! ಈಗ ಅದೇ ಜನ ಅರ್ಧ ಗಂಟೆ ಮುಂಚೆ ಹೋಗಿ, ಅಕ್ಕಿ ರೊಟ್ಟಿ ತಿಂದು, ಸಾಲಿನಲ್ಲಿ ನಿಲ್ಲುತ್ತಾರೆ. ಶಿವಮೊಗ್ಗ ಜಿಲ್ಲೆ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಅಂತೂ ಇನ್ನೂ ಹಿಂದಿನಿಂದ ಪ್ರೇಕ್ಷಕರನ್ನು ಹದ ಮಾಡಿಕೊಂಡು ಬಂತು. 1973ರಲ್ಲೇ ಚಿತ್ರ ಸಮಾಜ ಕಟ್ಟಿ ಹಳ್ಳಿಯವರಿಗೆ ದೇಶ ವಿದೇಶದ ಸಿನಿಮಾ ತೋರಿಸಿದರು. ರಂಗಶಿಕ್ಷಣ ಕೇಂದ್ರ ಬಂದದ್ದು 1980ರಲ್ಲಿ, ಊರೂರಿಗೆ ನಾಟಕ ಒಯ್ಯುವ ತಿರುಗಾಟ ಹೊರಟದ್ದು 1985ರಲ್ಲಿ. ನೋಡುವವರನ್ನು ಬೆಳೆಸೋದೂ ತಮ್ಮದೇ ಕೆಲಸ ಅಂದುಕೊಂಡರು. ಜನ ಬರಲಿಲ್ಲ ಅಂತ ಜನರನ್ನು ಬಯ್ಯುತ್ತಾ ಕೂರಲಿಲ್ಲ.

ಕಾಮೆಂಟಿನಲ್ಲಿ ಏನು ಬರುತ್ತೆ ಅಂತ ಗೊತ್ತು. "ಅತಿಥಿಗಳನ್ನು ಕರೆಯದಿದ್ದರೆ ಹಾಲ್ ಬಾಡಿಗೆ ಯಾರು ಕೊಡ್ತಾರೆ? ಲೈಟಿನವರಿಗೆ ನೀವು ಕೊಡ್ತೀರಾ?" ಸರಿ, ದುಡ್ಡು ಕೊಟ್ಟವರಿಗೆ ಮರ್ಯಾದೆ ಮಾಡಲೇಬೇಕು. ನಾಟಕ ಮುಗಿದ ಮೇಲೆ ಮಾಡಿ. ಐದು ನಿಮಿಷ, ನಟರ ಜೊತೆ ನಿಲ್ಲಿಸಿ, ಶಾಲು ಹೊದಿಸಿ. ಆಗ ಕಲಾಪೋಷಕರು ನಾಟಕವನ್ನೂ ನೋಡಿದ ಹಾಗಾಯ್ತು. ಕಾಯೋಕೆ ಅವರಿಗೆ ಪುರುಸೊತ್ತಿಲ್ಲ ಅಂದರೆ, ಟಿಕೆಟ್ ಕೊಂಡ ನಾನು ಯಾಕೆ ಕಾಯಬೇಕು?

ಪ್ರಚಾರದ ಕಥೆಯೂ ಇದೇ. ನಾಟಕದವರೇ ಇರುವ ವಾಟ್ಸಾಪ್ ಗುಂಪುಗಳಿಗೆ ಪೋಸ್ಟರ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಎಷ್ಟು ಹೊತ್ತಿನ ನಾಟಕ, ಮಕ್ಕಳನ್ನು ಕರೆತರಬಹುದಾ, ಮುಗಿದ ಮೇಲೆ ಬಸ್ಸು ಸಿಗುತ್ತಾ, ಯಾವುದೂ ಅದರಲ್ಲಿ ಇರಲ್ಲ. ಬಂದವರ ಹೆಸರು, ಫೋನ್ ನಂಬರ್ ಬರೆದುಕೊಳ್ಳೋಕೆ ಬಾಗಿಲಲ್ಲಿ ಒಂದು ನೋಟ್ ಪುಸ್ತಕ ಇಟ್ಟರೆ ಎಷ್ಟು ಖರ್ಚು? ಎದ್ದು ಹೋದ ಆ ಮೂವರು ಯಾರು ಅಂತ ತಂಡಕ್ಕೆ ಇವತ್ತಿಗೂ ಗೊತ್ತಿಲ್ಲ. ಅವರು ಹೋದದ್ದೇ ಗೊತ್ತಿಲ್ಲ ಬಿಡಿ, ಗ್ರೂಪ್ ಫೋಟೋ ತೆಗೆಯೋದರಲ್ಲಿ ಬ್ಯುಸಿ.

ಅದೇ ತಂಡದ ಮುಂದಿನ ಪ್ರಯೋಗದ ಆಹ್ವಾನ ಈಗ ತಾನೇ ಬಂತು. ಅತಿಥಿಗಳ ಹೆಸರು ಏಳು, ನಟರ ಹೆಸರು ಒಂದೂ ಇಲ್ಲ. ಯಾರಾದರೂ ಬರೋದಾದರೆ ಹೇಳಿ, ಒಟ್ಟಿಗೆ ಹೋಗೋಣ. ಆರೂವರೆಗೆ ಅಂತ ಹಾಕಿದ್ದಾರೆ. ನಾವು ಮನೆಯಲ್ಲಿ ಊಟ ಮುಗಿಸಿಕೊಂಡೇ ಹೊರಡಬಹುದು.