ಗ್ಯಾಸ್ ಇರಬೇಕು ಅಂದಿದ್ದೆ

ಇದನ್ನು ಬರೆಯಲು ನನಗೆ ಮೂರು ವಾರ ಬೇಕಾಯಿತು.

ಅವತ್ತು ಹೊಸತೊಡಕು. ನಮ್ಮ ಮಂಡ್ಯ ಕಡೆ ಯುಗಾದಿ ಮರುದಿನ ಅಂದರೆ ಗೊತ್ತಲ್ಲ, ಬೆಳಗ್ಗೆ ಹಚ್ಚಿದ ಒಲೆ ಆರುವುದೇ ಇಲ್ಲ. ನನ್ನ ಹೆಂಡತಿ ನಸುಕಿನಲ್ಲೇ ಎದ್ದು ಮಸಾಲೆ ರುಬ್ಬಿ, ಮುದ್ದೆ ಕಟ್ಟಿ, ಇಪ್ಪತ್ತು ಜನಕ್ಕೆ ಬಡಿಸಿದ್ದಳು. ಎಲ್ಲರೂ ಕೈ ತೊಳೆದ ಮೇಲೆ ನನ್ನ ಹತ್ತಿರ ಬಂದು, "ರೀ, ಬೆನ್ನು ಹಿಡಿದ ಹಾಗೆ ಆಗ್ತಿದೆ, ದವಡೆನೂ ಸೆಳೀತಿದೆ" ಅಂದಳು. ಕುತ್ತಿಗೆಯೆಲ್ಲ ಬೆವರು. "ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು, ಗ್ಯಾಸ್ ಇರಬೇಕು" ಅಂದೆ. ಅತ್ತಿಗೆ ಜೀರಿಗೆ ಕಷಾಯ ಮಾಡಿಕೊಟ್ಟರು. ನಾನು ಮೆಡಿಕಲ್‌ಗೆ ಹೋಗಿ ಗ್ಯಾಸ್ ಮಾತ್ರೆ ತಂದೆ. ಎರಡು ಗಂಟೆ ಹಾಗೇ ಹೋಯಿತು.

ಆ ಎರಡು ಗಂಟೆ ನನ್ನದು. ಅದನ್ನು ಇನ್ಯಾರ ಮೇಲೂ ಹಾಕುವುದಿಲ್ಲ.

ವಾಂತಿ ಶುರುವಾದ ಮೇಲೆ ಮಗ ಕಾರು ತೆಗೆದ. ತಾಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಚಿಕ್ಕ ಹುಡುಗಿ. ಬೆನ್ನು, ದವಡೆ, ಬೆವರು, ಶುಗರ್ ಇದೆ ಅಂದಿದ್ದೇ ತಡ, ಮೊದಲು ಇಸಿಜಿ ಮಾಡಿಸಿದರು. ಅದನ್ನು ಅಲ್ಲಿಂದಲೇ ಜಯದೇವ ಆಸ್ಪತ್ರೆಗೆ ಕಳಿಸಿದರು. ಸ್ವಲ್ಪ ಹೊತ್ತಿಗೆಲ್ಲ ಉತ್ತರ ಬಂತು. ಹಾರ್ಟ್ ಅಟ್ಯಾಕ್. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಟ್ಟರು. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಔಷಧಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ನಮ್ಮಿಂದ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. 2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗ ಇವಳು ಊಟ ಬಿಟ್ಟು ಅತ್ತಿದ್ದಳು. ಅವರಿಗೆ ಬರೀ 46 ವರ್ಷ. ಆ ಹೆಸರೇ ಇವಳನ್ನು ಉಳಿಸಿತು ಅಂತ ನಾನು ನಂಬಿದ್ದೇನೆ.

ಅಲ್ಲಿಂದ 108ರಲ್ಲಿ ಮೈಸೂರಿಗೆ. ಒಳಗೆ ಕರೆದುಕೊಂಡು ಹೋಗುವ ಮೊದಲು ಒಡವೆ ಎಲ್ಲ ತೆಗೀರಿ ಅಂದರು. ಬಳೆ, ಓಲೆ, ಮಾಂಗಲ್ಯ ಬಂತು. ಕಾಲುಂಗುರ ಮಾತ್ರ ಬರಲಿಲ್ಲ. ಇಪ್ಪತ್ತಾರು ವರ್ಷ ಬೆರಳಿಗೆ ಕೂತಿದ್ದ ಉಂಗುರ. ನರ್ಸ್ ಸೋಪು ನೀರು ಹಾಕಿ ಮೆಲ್ಲಗೆ ತಿರುಗಿಸಿ ತಿರುಗಿಸಿ ತೆಗೆದರು. ಎಲ್ಲವನ್ನೂ ಹತ್ತಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, "ಸರ್, ಎಣಿಸಿಕೊಳ್ಳಿ" ಅಂದರು. ನನಗೆ ಎಣಿಸಲು ಆಗಲಿಲ್ಲ. ಫಾರಂಗೆ ಎಲ್ಲೆಲ್ಲಿ ತೋರಿಸಿದರೋ ಅಲ್ಲೆಲ್ಲ ಸೈನ್ ಹಾಕಿದೆ.

ಆಂಜಿಯೋಗ್ರಾಂ ಆಯಿತು, ಒಂದು ಸ್ಟೆಂಟ್ ಹಾಕಿದರು. ಐದನೇ ದಿನ ಮನೆಗೆ ಕಳಿಸಿದರು.

ಐಸಿಯು ಹೊರಗಿನ ಬೆಂಚಿನಲ್ಲಿ ಕೂತಾಗ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಅದೇ ನೋವು ನನಗೆ ಬಂದಿದ್ದರೆ? ನಾನು ಎದೆ ಹಿಡಿದುಕೊಂಡರೆ ಸಾಕು, ಅವಳು ಅರ್ಧ ಊರನ್ನೇ ಎಬ್ಬಿಸುತ್ತಿದ್ದಳು. ಅವಳಿಗೆ ಬಂದಾಗ ನಾವೆಲ್ಲ ಸೇರಿ ಕಷಾಯ ಕೊಟ್ಟೆವು. ಹೆಂಗಸರಿಗೆ ಸುಸ್ತು, ಬೆನ್ನುನೋವು ಇದ್ದದ್ದೇ ಅಂತ ನಮಗೆ ಅಭ್ಯಾಸವಾಗಿಬಿಟ್ಟಿದೆ. ಅವರಿಗೂ ಅಷ್ಟೇ. ಬಡಿಸುವಾಗಲೇ ನೋವು ಶುರುವಾಗಿತ್ತಂತೆ. "ನೆಂಟರು ಊಟಕ್ಕೆ ಕೂತಿದ್ರಲ್ಲ" ಅಂತ ಆಮೇಲೆ ಹೇಳಿದಳು.

ಹಾರ್ಟ್ ಅಟ್ಯಾಕ್ ಅಂದರೆ ಎಡ ಎದೆ ಹಿಡಿದು ಕುಸಿಯುವುದು ಅಂತಲೇ ನಾನು ತಿಳಿದಿದ್ದೆ. ಹೆಂಗಸರಲ್ಲಿ ಎಷ್ಟೋ ಸಲ ಹಾಗಿರುವುದಿಲ್ಲ ಅಂತ ಡಾಕ್ಟರ್ ಬಿಡಿಸಿ ಹೇಳಿದರು. ದವಡೆ, ಬೆನ್ನು, ಹೊಟ್ಟೆಯ ಮೇಲ್ಭಾಗ, ವಾಂತಿ, ಉಸಿರು ಕಟ್ಟಿದ ಹಾಗೆ ಆಗೋದು, ಕಾರಣವಿಲ್ಲದ ಸುಸ್ತು. ಶುಗರ್ ಇದ್ದವರಿಗೆ ಎದೆನೋವು ಗೊತ್ತೇ ಆಗದಿರಬಹುದು. ಇಸಿಜಿಗೆ ಐದು ನಿಮಿಷ ಸಾಕು. ಒಂದು ಸಲ ಸರಿ ಬಂದರೂ ನೋವು ನಿಲ್ಲದಿದ್ದರೆ ಅಲ್ಲೇ ಇದ್ದು ಮತ್ತೆ ಮಾಡಿಸಬೇಕಂತೆ. ನಿಮ್ಮ ಮನೆಯಲ್ಲಿ ಅಮ್ಮನೋ ಹೆಂಡತಿಯೋ ಹೀಗೆ ಅಂದರೆ, ದಯವಿಟ್ಟು ಗ್ಯಾಸ್ ಅನ್ನಬೇಡಿ. ಗ್ಯಾಸೇ ಆಗಿದ್ದರೆ ಏನೂ ನಷ್ಟ ಇಲ್ಲ, ಅಲ್ವಾ?

ಸೋಮವಾರ ಚೆಕಪ್‌ಗೆ ಮೈಸೂರಿಗೆ ಹೋಗಬೇಕು. ನಮ್ಮ ಅಕ್ಕನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಅವಳಿಗೂ ಎರಡು ತಿಂಗಳಿಂದ ಗ್ಯಾಸ್ ಅಂತೆ.