ಪಾಪ, ಕಾರಿಗೂ ಸಮುದ್ರ ನೋಡೋ ಆಸೆ ಇರಲ್ವಾ?

ಕಡಲತೀರದ ಮರಳಿಗೆ ಕಾರು ಬಿಡಬೇಕೋ ಬೇಡವೋ ಎಂಬ ಜಗಳ ಎದ್ದಾಗಲೆಲ್ಲ ನನಗೆ ಕಾರಿನ ಮೇಲೆ ಕನಿಕರ ಬರುತ್ತದೆ. ಅಷ್ಟು ದೂರದಿಂದ ಮನೆಮಂದಿಯನ್ನೆಲ್ಲ ಹೊತ್ತು ತಂದಿದ್ದು ಅದೇ ತಾನೆ? ಇನ್ನು ಇನ್ನೂರು ಹೆಜ್ಜೆ ಇದೆ ಎನ್ನುವಾಗ ಅದನ್ನು ಬಿಸಿಲಲ್ಲಿ ಬಿಟ್ಟು, ನಾವು ಮಾತ್ರ ನೀರಿಗೆ ಓಡುವುದು ಯಾವ ನ್ಯಾಯ?

"ತೀರ ಎಲ್ಲರದ್ದು" ಅನ್ನುವುದು ವಾಹನ ಪಕ್ಷದ ಮೊದಲ ವಾದ. ಸರಿ, ಒಪ್ಪೋಣ. ಆ ಎಲ್ಲರ ತೀರಕ್ಕೆ ಬಂದವರು ಗಾಜು ಏರಿಸಿ, ಎಸಿ ಹಾಕಿ, ಹಾಡು ಜೋರು ಮಾಡಿ ಕೂರುತ್ತಾರೆ. ಗಾಳಿ ಬಡಿಯಬಾರದು. ಮರಳು ಅಂಟಬಾರದು. ಉಪ್ಪುನೀರು ಸಿಡಿದರೆ ತುಕ್ಕು. ಸಮುದ್ರ ಬೇಕು, ಸಮುದ್ರದ್ದು ಏನೂ ತಾಗಬಾರದು. ವೈಪರ್ ಆಡಿಸುತ್ತಾ ಸೂರ್ಯಾಸ್ತ ನೋಡುವ ಸುಖ ನಡೆದು ಬಂದವರಿಗೆ ಹೇಗೆ ಗೊತ್ತಾಗಬೇಕು?

ಎರಡನೆಯದು ಪರಂಪರೆಯ ವಾದ. ಅಮೆರಿಕದ ಡೇಟೋನಾ ತೀರದಲ್ಲಿ 1935ರಲ್ಲಿ ಮಾಲ್ಕಮ್ ಕ್ಯಾಂಬೆಲ್ ಗಂಟೆಗೆ 440 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಕಾರು ಓಡಿಸಿ ದಾಖಲೆ ಮಾಡಿದ. ಇದನ್ನು ಹೇಳಿ ಎದೆ ಉಬ್ಬಿಸುವವರು ಅಲ್ಲಿಗೇ ನಿಲ್ಲಿಸುತ್ತಾರೆ. ಅದೇ ವರ್ಷ ಆತ ಮುಂದಿನ ದಾಖಲೆಗೆ ಮರಳು ಬಿಟ್ಟು ಬಾನ್‌ವಿಲ್‌ನ ಉಪ್ಪಿನ ಬಯಲಿಗೆ ಹೋದ. ಈಗ ಡೇಟೋನಾದ ಮರಳಿನ ಮೇಲೆ ಮಿತಿ ಗಂಟೆಗೆ 10 ಮೈಲಿ, ಅಂದರೆ 16 ಕಿ.ಮೀ. ಪಕ್ಕದಲ್ಲಿ ಸೈಕಲ್ ಹುಡುಗ ಸುಮ್ನೆ ಹಾಗೇ ಹಿಂದೆ ಹಾಕಿ ಹೋಗಬಹುದು. ಪರಂಪರೆ ಉಳಿಯಿತಲ್ಲ, ಸಾಕು.

ಅಮೆರಿಕದ್ದೇ ಒರೆಗಾನ್ ರಾಜ್ಯದ ಕಥೆ ಇನ್ನೂ ಚೆನ್ನಾಗಿದೆ. 1913ರಲ್ಲಿ ಅಲ್ಲಿನ ಗವರ್ನರ್ ಓಸ್ವಾಲ್ಡ್ ವೆಸ್ಟ್ ತೀರವನ್ನೇ ಸಾರ್ವಜನಿಕ ಹೆದ್ದಾರಿ ಎಂದು ಕಾನೂನು ಮಾಡಿಸಿದ. ಯಾರೂ ಖಾಸಗಿಯಾಗಿ ಕೊಂಡು ಬೇಲಿ ಹಾಕದಿರಲಿ ಎಂಬ ಉಪಾಯ ಅದು. ತೀರ ಉಳಿಸಲು ಹೆದ್ದಾರಿ ಎಂದು ಕರೆದ. ವಾಹನ ಪಕ್ಷಕ್ಕೆ ಹೆದ್ದಾರಿ ಎಂಬ ಪದವಷ್ಟೇ ಕಿವಿಗೆ ಬಿದ್ದಿದೆ. ಆಸ್ಟ್ರೇಲಿಯಾದ ಕ್‌ಗಾರಿ ದ್ವೀಪದಲ್ಲಂತೂ ಮರಳಿನ ಮೇಲೆ ವಿಮಾನವೂ ಇಳಿಯುತ್ತದೆ. ಹಾಗಾದರೆ ಕಾರಿಗೆ ಮಾತ್ರ ಯಾಕೆ ಬೇಡಿಕೆ? ಕೇಳುವುದಾದರೆ ದೊಡ್ಡದಾಗಿಯೇ ಕೇಳಿ.

ಇನ್ನು ಆಮೆಗಳು. ಇವುಗಳಿಂದಲೇ ಎಲ್ಲ ತೊಂದರೆ. ತಾಯಿ ಬಂದು ಗುಂಡಿ ತೋಡಿ ಮೊಟ್ಟೆ ಮುಚ್ಚಿ ಹೋಗುತ್ತಾಳೆ, ಒಂದು ಬೋರ್ಡ್ ಕೂಡ ಹಾಕುವುದಿಲ್ಲ. ಮೇಲೆ ಟೈರು ಹತ್ತಿ ಮರಳು ಗಟ್ಟಿಯಾದರೆ ತಪ್ಪು ಯಾರದ್ದು? ಮರಿಗಳದ್ದು ಇನ್ನೊಂದು ಕಥೆ. ರಾತ್ರಿ ಹೊರಬಂದು, ನೀರಿನ ಕಡೆಯ ತಿಳಿ ಬೆಳಕು ನೋಡಿ ಕಡಲಿಗೆ ನಡೆಯಬೇಕು. ದಾರಿಯಲ್ಲಿ ಟೈರಿನ ಹಳ್ಳ ಸಿಗುತ್ತದೆ. ನಮಗೆ ಅದು ಪಾದ ಮುಳುಗುವಷ್ಟು, ಮರಿಗೆ ಕೋಟೆ ಗೋಡೆ. ಹತ್ತಲಾಗದೆ ಆ ಹಳ್ಳದ ಉದ್ದಕ್ಕೇ ನಡೆಯುತ್ತದೆ, ಕಡಲಿಗೆ ಸಮಾನಾಂತರವಾಗಿ, ಸುಸ್ತಾಗಿ ಬೀಳುವ ತನಕ. ಬೆಳಗಾದರೆ ಹಕ್ಕಿಗಳಿಗೆ ತಿಂಡಿ. ಎಷ್ಟು ನೇರವಾದ ರಸ್ತೆ ಮಾಡಿಕೊಟ್ಟಿದ್ದೇವೆ ನೋಡಿ, ಆದರೂ ಕೃತಜ್ಞತೆ ಇಲ್ಲ. ಏಡಿಗಳ ವಿಷಯ ಎತ್ತುವುದೇ ಬೇಡ. ಬಿಲದೊಳಗೆ ಕೂತವರಿಗೆ ಹಾರ್ನ್ ಕೇಳಿಸಲಿಲ್ಲ ಅಂದರೆ ನಾವೇನು ಮಾಡೋಣ?

"ನಿಯಮ ಮಾಡಿ, ನಿಯಂತ್ರಿಸಿ" ಎನ್ನುವ ಮಧ್ಯಸ್ಥರೂ ಇದ್ದಾರೆ. ಪಟ್ಟೆ ಹಾಕಿ, ಪಾಸ್ ಕೊಡಿ, ವೇಳೆ ಗೊತ್ತು ಮಾಡಿ. ಒಳ್ಳೆಯದೇ. ಮರಳಲ್ಲಿ ಬರೆದ ಗೆರೆಯನ್ನು ಅಲೆ ದಿನಕ್ಕೆ ಎಷ್ಟು ಸಲ ಅಳಿಸುತ್ತದೆ ಎಂದು ಮಾತ್ರ ಯಾರೂ ಲೆಕ್ಕ ಹಾಕಿದಂತಿಲ್ಲ.

ಆಮೇಲೆ ಸಂಜೆ. ಟೈರಿನ ಗಾಳಿ ಇಳಿಸದೆ ಮರಳಿಗೆ ಬಂದ ಧೀರನ ಕಾರು ಮೆತ್ತನೆಯ ಜಾಗದಲ್ಲಿ ಕೂತಿದೆ. ಅವನು ಆಕ್ಸಿಲರೇಟರ್ ಒತ್ತುತ್ತಾನೆ, ಚಕ್ರ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಇನ್ನಷ್ಟು ಒತ್ತುತ್ತಾನೆ, ಇನ್ನಷ್ಟು ಆಳ. ಆಮೆಯೂ ಇಷ್ಟು ಚೆನ್ನಾಗಿ ತೋಡಲಾರದು. ಭರತ ಏರುತ್ತಿದೆ. ಹಿಂದಿನ ಚಕ್ರಕ್ಕೆ ಮೊದಲ ಅಲೆ ತಾಗಿದೆ. ಬೆಳಗಿನಿಂದ ಮುಚ್ಚಿದ್ದ ಗಾಜು ಆಗ ಮೆಲ್ಲಗೆ ಕೆಳಗಿಳಿಯುತ್ತದೆ. ಬರಿಗಾಲಲ್ಲಿ ನಡೆದು ಹೋಗುತ್ತಿರುವವರ ಕಡೆ ತಲೆ ಹೊರಗೆ ಹಾಕಿ ಅವನು ಕೇಳುತ್ತಾನೆ:

"ಸಾರ್, ಸ್ವಲ್ಪ ತಳ್ತೀರಾ?"